ಫೋನ್ ಸ್ಪೀಕರಿನಲ್ಲಿ ಕೇಳಿಸದ ಮನುಷ್ಯ

ಗೋಕರ್ಣದ ಬೀಚಿಗೆ ಹೋದವರಿಗೆಲ್ಲ ಗೊತ್ತು, ಅಲ್ಲಿನ ಅಂಗಡಿಗಳಲ್ಲಿ ರೆಗ್ಗೇ ಅನ್ನುವ ಜಮೈಕಾದ ಸಂಗೀತ ಹಾಡುತ್ತಿದ್ದ ಬಾಬ್ ಮಾರ್ಲಿಯ ಮುಖ ಇರುವ ಟೀ ಶರ್ಟುಗಳು ನೇತಾಡುತ್ತಿರುತ್ತವೆ. ಕಾಲೇಜಿನಲ್ಲಿದ್ದಾಗ ನಾನೂ ಒಂದು ತಗೊಂಡಿದ್ದೆ. ಹಾಡುಗಳನ್ನೂ ಕೇಳುತ್ತಿದ್ದೆ, ಆದರೆ ಫೋನ್ ಸ್ಪೀಕರಿನಲ್ಲಿ. ಅರ್ಧ ಹಾಡನ್ನಷ್ಟೇ ಕೇಳುತ್ತಿದ್ದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ, ಗೆಳೆಯನೊಬ್ಬ ತನ್ನ ಒಳ್ಳೆಯ ಹೆಡ್‌ಫೋನನ್ನು ನನ್ನ ಕಿವಿಗಿಟ್ಟು ಬಾಬ್ ಅವರ 'ನ್ಯಾಚುರಲ್ ಮಿಸ್ಟಿಕ್' ಹಾಕಿದ ದಿನ. ಆ ಹಾಡು ಯಾರೋ ದೂರದಿಂದ ನಡೆದು ಬರುತ್ತಿರುವ ಹಾಗೆ ಸಣ್ಣಗೆ ಶುರುವಾಗಿ, ಮೆಲ್ಲಗೆ ಹತ್ತಿರ ಬರುತ್ತದೆ. ಬಂದ ಮೇಲೆ ಕೆಳಗೆ ಒಂದು ದಪ್ಪ ದನಿ ಇದೆ ನೋಡಿ, ಅದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಹಾಡಿನ ಅಡಿಯಲ್ಲಿ ಇನ್ನೊಂದು ಹಾಡೇ ಇತ್ತು! ಸಣ್ಣ ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರ ಹೊರಡಿಸುವ ಶಕ್ತಿ ಇಲ್ಲ, ಅದಕ್ಕೇ ಅಷ್ಟು ವರ್ಷ ನನಗೆ ಅದು ಸಿಕ್ಕಿರಲಿಲ್ಲ.

ಆ ದಪ್ಪ ದನಿಯ ಬೇಸ್ ಗಿಟಾರ್ ನುಡಿಸಿದವರು ಬಾಬ್ ಅವರ 'ವೇಲರ್ಸ್' ಬ್ಯಾಂಡಿನ ಆಸ್ಟನ್ ಬ್ಯಾರೆಟ್. ಜಗತ್ತು ಅವರನ್ನು ಕರೆದದ್ದು 'ಫ್ಯಾಮಿಲಿ ಮ್ಯಾನ್' ಅಂತ. ಅವರಿಗೆ 41 ಮಕ್ಕಳು ಅಂತ ಪತ್ರಿಕೆಗಳು ಬರೆದಿದ್ದರಿಂದ ಆ ಹೆಸರು ಅಲ್ಲಿಂದ ಬಂತು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮಕ್ಕಳಾಗುವ ಮೊದಲೇ ಅವರು ಇಟ್ಟುಕೊಂಡ ಹೆಸರು ಅದು. ಬ್ಯಾಂಡ್ ಅಂದರೆ ಒಂದು ಮನೆ, ಅದನ್ನು ಒಡೆಯದ ಹಾಗೆ ನೋಡಿಕೊಳ್ಳುವವನು ನಾನು ಅನ್ನುವ ಅರ್ಥದಲ್ಲಿ.

ಹುಟ್ಟಿದ್ದು 1946ರಲ್ಲಿ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ವೆಲ್ಡಿಂಗ್ ಮಾಡುತ್ತಿದ್ದರು, ಸೈಕಲ್ ರಿಪೇರಿ ಮಾಡುತ್ತಿದ್ದರು. ದುಡ್ಡು ಕೊಟ್ಟು ಗಿಟಾರ್ ಕೊಳ್ಳುವ ಸ್ಥಿತಿ ಇರಲಿಲ್ಲ. ಪ್ಲೈವುಡ್ ಕತ್ತರಿಸಿ, ಒಂದು ಮರದ ತುಂಡು ಸೇರಿಸಿ, ಪರದೆ ಕಟ್ಟುವ ಸರಳು ಬಳಸಿ ಮೊದಲ ಬೇಸನ್ನು ತಾವೇ ಮಾಡಿಕೊಂಡರು. ತಮ್ಮ ಕಾರ್ಲ್‌ಟನ್ ನಾಲ್ಕು ವರ್ಷ ಚಿಕ್ಕವನು. ಅವನು ಖಾಲಿ ಪೇಂಟ್ ಡಬ್ಬಗಳನ್ನು ಜೋಡಿಸಿ ಡ್ರಮ್ಸ್ ಮಾಡಿಕೊಂಡ. ಒಂದೇ ಮನೆಯಲ್ಲಿ ಅಣ್ಣನ ಕೈಯಲ್ಲಿ ಪ್ಲೈವುಡ್ ಬೇಸ್, ತಮ್ಮನ ಮುಂದೆ ಪೇಂಟ್ ಡಬ್ಬ. ರೆಗ್ಗೇಯ ಬೆನ್ನೆಲುಬು ತಯಾರಾಗಿದ್ದು ಹೀಗೆ. ಬೇಸೇ ಬೆನ್ನೆಲುಬು, ಡ್ರಮ್ ಹೃದಯದ ಬಡಿತ ಅಂತ ಆಸ್ಟನ್ ಅವರೇ ಹೇಳುತ್ತಿದ್ದರು. ಬೇಸ್ ಸರಿ ಇಲ್ಲದಿದ್ದರೆ ಸಂಗೀತಕ್ಕೆ ಬೆನ್ನುನೋವು ಬರುತ್ತದೆ ಅನ್ನುವ ಅರ್ಥದ ಮಾತನ್ನೂ ಆಡಿದ್ದರು.

ತಮ್ಮ ಏನು ಮಾಡಿದ ಅಂತ ತಿಳಿಯಬೇಕಾದರೆ ಬೆರಳಲ್ಲಿ ಮೇಜು ತಟ್ಟುತ್ತಾ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ನಮ್ಮ ಕೈ ತಾನಾಗಿ ಒಂದಕ್ಕೆ ಜೋರಾಗಿ ಬೀಳುತ್ತದೆ, ಅಲ್ವಾ? ನಮ್ಮ ಕಚೇರಿಗಳಲ್ಲೂ ಸಮಕ್ಕೆ ಬಂದು ಬಿದ್ದಾಗಲೇ ತಲೆದೂಗುವುದು. ಕಾರ್ಲ್‌ಟನ್ ಆ ಒಂದನ್ನು ಖಾಲಿ ಬಿಟ್ಟುಬಿಟ್ಟ. ಮೂರನೇ ಎಣಿಕೆಗೆ ಕಾಲಿನ ದೊಡ್ಡ ಡ್ರಮ್ಮು, ಕೈಯಲ್ಲಿ ಬಾರಿಸುವ ಸ್ನೇರ್ ಡ್ರಮ್ಮು ಎರಡೂ ಒಟ್ಟಿಗೆ. ಇದಕ್ಕೆ 'ಒನ್ ಡ್ರಾಪ್' ಅಂತಾರೆ. ಈ ಹೊಡೆತವನ್ನು ಮೊದಲು ಬಾರಿಸಿದವನು ಇವನೇ ಅಂತ ನಾನು ಹೇಳುತ್ತಿಲ್ಲ, ಆದರೆ ಅದನ್ನು ಇಡೀ ಲೋಕಕ್ಕೆ ಕೇಳಿಸಿದ್ದು ಇವನ ಕೈ. ಆ ಖಾಲಿ ಜಾಗದಲ್ಲಿ ಅಣ್ಣನ ಬೇಸ್ ಓಡಾಡುತ್ತದೆ. ಅಣ್ಣ ಕೂಡ ಎಲ್ಲ ಕಡೆ ತುಂಬುವುದಿಲ್ಲ. ನಾಲ್ಕು ಸ್ವರ ನುಡಿಸಿ ಸುಮ್ನೆ ಇದ್ದುಬಿಡುತ್ತಾರೆ. ಆಮೇಲೆ ಮತ್ತೆ ಬರುತ್ತಾರೆ. ಎಲ್ಲಿ ಬಿಡಬೇಕು ಅಂತ ಇಬ್ಬರಿಗೂ ಒಂದೇ ಹೊತ್ತಿಗೆ ಗೊತ್ತಿರಬೇಕಲ್ಲ, ಅದು ಒಟ್ಟಿಗೆ ಬೆಳೆದವರಿಗೇ ಬರುವಂಥದ್ದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಬಾಬ್ ಜೊತೆ ಸೇರುವ ಮೊದಲೇ ಈ ಅಣ್ಣತಮ್ಮಂದಿರಿಗೆ ಕಿಂಗ್‌ಸ್ಟನ್ನಿನಲ್ಲಿ ಹೆಸರಿತ್ತು. 'ಹಿಪ್ಪಿ ಬಾಯ್ಸ್' ಅಂತ ಬ್ಯಾಂಡ್, ಆಮೇಲೆ ರೆಕಾರ್ಡ್ ನಿರ್ಮಾಪಕ ಲೀ ಪೆರ‍್ರಿ ಜೊತೆ 'ಅಪ್‌ಸೆಟರ್ಸ್' ಆಗಿ ಕೆಲಸ. 1969ರ 'ಲಿಕ್ವಿಡೇಟರ್' ಅನ್ನುವ ವಾದ್ಯದ ತುಣುಕಿನ ಬೇಸ್ ಆಸ್ಟನ್ ಅವರದ್ದೇ. ಅದು ಬ್ರಿಟನ್ನಿನಲ್ಲಿ ಟಾಪ್ 10ಕ್ಕೆ ಹೋಯಿತು. 1972ರಲ್ಲಿ ಅಮೆರಿಕದಲ್ಲಿ ಸ್ಟೇಪಲ್ ಸಿಂಗರ್ಸ್ ಅವರ 'ಐ ವಿಲ್ ಟೇಕ್ ಯು ದೇರ್' ಮೊದಲನೇ ಸ್ಥಾನಕ್ಕೆ ಹೋಯಿತಲ್ಲ, ಅದರ ಶುರುವಿನ ಭಾಗ ಹೆಚ್ಚುಕಮ್ಮಿ ಇದೇ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ, ಹೇಳುವುದೇ ಬೇಡ.

1974ರ ಹೊತ್ತಿಗೆ, ಬಾಬ್ ಜೊತೆ ಶುರುವಿನಿಂದ ಹಾಡುತ್ತಿದ್ದ ಪೀಟರ್ ಟಾಷ್, ಬನ್ನಿ ವೇಲರ್ ಇಬ್ಬರೂ ಬ್ಯಾಂಡ್ ಬಿಟ್ಟಿದ್ದರು. ಉಳಿದದ್ದು ಬಾಬ್ ಮತ್ತು ಈ ಅಣ್ಣತಮ್ಮ. ಅಲ್ಲಿಂದ 1980ರವರೆಗಿನ ಆಲ್ಬಮ್ಮುಗಳೆಲ್ಲ ಇವರ ತಳಪಾಯದ ಮೇಲೆ ನಿಂತಿವೆ. ಆಸ್ಟನ್ ಬರೀ ಬೇಸ್ ನುಡಿಸಿ ಎದ್ದು ಹೋಗುತ್ತಿರಲಿಲ್ಲ, ಬ್ಯಾಂಡಿನ ಮೇಳವನ್ನು ನಡೆಸಿದವರು ಅವರೇ. ಬಾಬ್ ದೊಡ್ಡ ಕವಿ, ದೊಡ್ಡ ದನಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಇಬ್ಬರನ್ನು ತೆಗೆದುಬಿಟ್ಟರೆ ಅದೇ ಹಾಡು ಹಾಗೆ ನಡೆಯುತ್ತಿತ್ತಾ?

1981ರಲ್ಲಿ ಬಾಬ್ ತೀರಿಕೊಂಡಾಗ 36 ವರ್ಷ. 1987ರ ಏಪ್ರಿಲ್‌ನಲ್ಲಿ ಕಾರ್ಲ್‌ಟನ್ ಅವರನ್ನು ಕಿಂಗ್‌ಸ್ಟನ್ನಿನ ಮನೆ ಮುಂದೆಯೇ ಗುಂಡಿಕ್ಕಿ ಕೊಂದರು. ಅವನಿಗೂ 36. ಗೆಳೆಯ ಹೋದ, ತಮ್ಮ ಹೋದ, ಮನೆ ಒಡೆಯಬಾರದು ಅಂತ ಹೆಸರು ಇಟ್ಟುಕೊಂಡವರು ಒಬ್ಬರೇ ಉಳಿದರು. ಆಮೇಲೂ ದಶಕಗಳ ಕಾಲ 'ವೇಲರ್ಸ್' ಹೆಸರಿನಲ್ಲಿ ಊರೂರು ಸುತ್ತಿ ನುಡಿಸಿದರು.

ನನಗೆ ಹೊಟ್ಟೆ ಉರಿಯುವುದು 2006ರ ವಿಷಯಕ್ಕೆ. ನಾವು ಬಾಬ್ ಜೊತೆ ಪಾಲುದಾರರು, ನಮಗೆ ಬರಬೇಕಾದ ರಾಯಲ್ಟಿ ಬಂದಿಲ್ಲ ಅಂತ ಆಸ್ಟನ್ ಲಂಡನ್ನಿನ ಹೈಕೋರ್ಟಿಗೆ ಹೋದರು. ಕೇಳಿದ್ದು ಸುಮಾರು 6 ಕೋಟಿ ಪೌಂಡ್. ಸೋತರು. 1994ರಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿ ಹಣ ಪಡೆದಿದ್ದರು, ಅದು ಅವರ ವಿರುದ್ಧ ನಿಂತಿತು. ಕಾಗದ ನೋಡಿದರೆ ಜಡ್ಜ್ ಹೇಳಿದ್ದು ಸರಿಯೇ ಇರಬಹುದು, ನಾನು ವಕೀಲನಲ್ಲ. ನನ್ನ ತಕರಾರು ಅದಕ್ಕಿಂತ ಹಿಂದಿನದು. ಹಾಡಿನ ಹಕ್ಕು ಅಂದರೆ ಸಾಹಿತ್ಯ ಮತ್ತು ಹಾಡುವ ಧಾಟಿ ಅಂತ ಲೆಕ್ಕ ಹಾಕುವುದು ಹಳೇ ಪದ್ಧತಿ. ರೆಗ್ಗೇ ಹಾಗೆ ಹುಟ್ಟುವ ಸಂಗೀತ ಅಲ್ಲ. ಅಲ್ಲಿ ಮೊದಲು 'ರಿದಿಮ್', ಅಂದರೆ ಬೇಸ್ ಮತ್ತು ಡ್ರಮ್ ಸೇರಿದ ಅಡಿಪಾಯ. ಅದೇ ಒಂದು ರಿದಿಮ್ ಮೇಲೆ ಹತ್ತಾರು ಗಾಯಕರು ಬೇರೆ ಬೇರೆ ಹಾಡು ಹಾಡುತ್ತಾರೆ. ಹಾಡು ಬದಲಾದರೂ ಬೇಸ್ ಬದಲಾಗುವುದಿಲ್ಲ. ಹಾಗಿದ್ದಾಗ ಆ ಬೇಸ್ ಕಟ್ಟಿದವನಿಗೆ ಹಾಡಿನಲ್ಲಿ ಪಾಲಿಲ್ಲ ಅಂದರೆ ಹೇಗೆ? 'ಹೂ ದ ಕ್ಯಾಪ್ ಫಿಟ್' ಥರದ ಕೆಲವಕ್ಕೆ ಅಣ್ಣತಮ್ಮಂದಿರ ಹೆಸರು ಇದೆ, ನಿಜ. ಉಳಿದವುಗಳಲ್ಲಿ ಅವರು ಕೂಲಿಗೆ ಬಂದವರ ಹಾಗೆ ಕಾಣಿಸುತ್ತಾರೆ. ಇದು ಅನ್ಯಾಯ.

ಆಸ್ಟನ್ ಅವರಿಂದ ಕಲಿತವರಲ್ಲಿ ರಾಬಿ ಶೇಕ್ಸ್‌ಪಿಯರ್ ಕೂಡ ಒಬ್ಬರು, ಮುಂದೆ ಜಮೈಕಾದ ಇನ್ನೊಬ್ಬ ಮಹಾ ಬೇಸ್ ವಾದಕ ಆದರು. ಮನೆಯಲ್ಲೂ ವಿದ್ಯೆ ನಿಲ್ಲಲಿಲ್ಲ. ಮಗ ಆಸ್ಟನ್ ಬ್ಯಾರೆಟ್ ಜೂನಿಯರ್‌ಗೆ ಅಪ್ಪನ ಬೇಸೂ ಬಂತು, ಚಿಕ್ಕಪ್ಪನ ಡ್ರಮ್ಸೂ ಬಂತು. ಈಗ ವೇಲರ್ಸ್ ನಡೆಸುತ್ತಿರುವುದು ಅವರೇ. ಬಾಬ್ ಬಗ್ಗೆ ಸಿನಿಮಾ ಮಾಡಿದಾಗ ಫ್ಯಾಮಿಲಿ ಮ್ಯಾನ್ ಪಾತ್ರಕ್ಕೆ ಬೇರೆ ಯಾರನ್ನೂ ಹುಡುಕಲಿಲ್ಲ, ಮಗನೇ ಅಪ್ಪನಾಗಿ ನಿಂತರು. ಆ ಸಿನಿಮಾ ಅಮೆರಿಕದಲ್ಲಿ ತೆರೆಗೆ ಬಂದಿದ್ದು 2024ರ ಫೆಬ್ರವರಿ 14ಕ್ಕೆ. ಅಪ್ಪ ತೀರಿಕೊಂಡಿದ್ದು ಫೆಬ್ರವರಿ 3ಕ್ಕೆ, ಮಯಾಮಿಯಲ್ಲಿ, 77ನೇ ವಯಸ್ಸಿನಲ್ಲಿ.

ಸಿನಿಮಾ ನೋಡುವಾಗ ಎಲ್ಲರ ಕಣ್ಣು ಬಾಬ್ ಮೇಲೆ ಇರುತ್ತದೆ, ಇರಲಿ. ನಾನು ಮಾತ್ರ ಹಿಂದೆ ಬೇಸ್ ಹಿಡಿದು ನಿಂತಿದ್ದ ಆ ಮಗನನ್ನೇ ಹುಡುಕಿ ಹುಡುಕಿ ನೋಡುತ್ತಿದ್ದೆ.