ಮಟ್ಟ ಇಳಿಸುವುದು ಪರಿಹಾರವಲ್ಲ

'ಲಿನಕ್ಸ್ ಕರ್ನಲ್ ಡ್ರೈವರ್‌ನಲ್ಲಿ ಒಂದೇ ದೋಷ ಪದೇಪದೇ ಬರುತ್ತಿದ್ದರೆ ಎರರ್ ಸಂದೇಶವನ್ನು ಡಿಬಗ್ ಮಟ್ಟಕ್ಕೆ ಇಳಿಸಿಬಿಡಿ' ಎಂಬ ನಿಮ್ಮ ಸಲಹೆಯನ್ನು ಒಪ್ಪಲಾರೆ. ಲಾಗ್ ಮಟ್ಟ ಹೇಳುವುದು ತೊಂದರೆ ಎಷ್ಟು ಗಂಭೀರ ಎಂಬುದನ್ನು, ಎಷ್ಟು ಸಲ ಆಯಿತು ಎಂಬುದನ್ನಲ್ಲ. 3ರಲ್ಲಿ (ಎರರ್) ಇರಬೇಕಾದ್ದನ್ನು 7ಕ್ಕೆ (ಡಿಬಗ್) ತಳ್ಳಿದರೆ, ಡಿಬಗ್ ಸಾಲುಗಳನ್ನು ಬೇಕೆಂದಾಗ ತೋರಿಸುವ ಡೈನಾಮಿಕ್ ಡಿಬಗ್ ಆನ್ ಮಾಡದ ಗ್ರಾಹಕರ ಯಂತ್ರದಲ್ಲಿ ಆ ಸಾಲು ಕಾಣಿಸುವುದೇ ಇಲ್ಲ.

ಸಂದೇಶಗಳ ಪ್ರವಾಹ ಎಂಥದ್ದೆಂದು ನನಗೂ ಗೊತ್ತು. ಒಂದು ಬೋರ್ಡಿನಲ್ಲಿ ಸೆನ್ಸರ್ ಉತ್ತರಿಸದೆ ಐ2ಸಿ (ಚಿಪ್‌ಗಳನ್ನು ಜೋಡಿಸುವ ಬಸ್) ಟೈಮ್‌ಔಟ್ ಸಾಲುಗಳು ಬಿಡದೆ ಸುರಿಯುತ್ತಿದ್ದವು. ಸೀರಿಯಲ್ ಕನ್ಸೋಲ್ 1,15,200 ಬಾಡ್‌ನಲ್ಲಿ 80 ಅಕ್ಷರದ ಸಾಲೊಂದಕ್ಕೆ ಸುಮಾರು 7 ಮಿಲಿಸೆಕೆಂಡ್ ತಿನ್ನುತ್ತದೆ. ಇಡೀ ಬೋರ್ಡ್ ತೆವಳುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಸೆನ್ಸರ್‌ಗೆ ವಿದ್ಯುತ್ ಕೊಡುವ ರೆಗ್ಯುಲೇಟರ್ ಆನ್ ಆಗಲಿಲ್ಲ ಎಂದು ಹೇಳಿದ್ದ ಮೊದಲ ಸಾಲು, ಅಂದರೆ ಮೂಲ ಕಾರಣವೇ, ತುಂಬಿದಾಗ ಹಳೆಯ ಸಾಲುಗಳ ಮೇಲೆ ಹೊಸದನ್ನು ಬರೆಯುವ ರಿಂಗ್ ಬಫರ್‌ನಿಂದ ಅಳಿಸಿಹೋಗಿತ್ತು. ಎರಡು ದಿನ ಐ2ಸಿ ಬೆನ್ನು ಹತ್ತಿದೆವು.

ನಾವು ಮಟ್ಟ ಮುಟ್ಟಲಿಲ್ಲ, ಎರರ್ ಸಂದೇಶಗಳ ಸಂಖ್ಯೆಗೆ ಮಿತಿ ಹಾಕುವ ಡೆವ್_ಎರ್_ರೇಟ್‌ಲಿಮಿಟೆಡ್ ಬಳಸಿದೆವು. ಡೀಫಾಲ್ಟ್ ಆಗಿ 5 ಸೆಕೆಂಡಿಗೆ 10 ಸಂದೇಶ ಮಾತ್ರ. ತಡೆಹಿಡಿದದ್ದು ಎಷ್ಟು ಎಂಬ ಲೆಕ್ಕವೂ ಆಮೇಲೆ ಬರುತ್ತದೆ. ಡ್ರೈವರ್ ಸ್ಥಿತಿಯನ್ನು ನೆನಪಿಟ್ಟುಕೊಂಡು, ಕೆಟ್ಟಾಗ ಒಂದು ಎರರ್, ಸರಿಹೋದಾಗ ಒಂದು ಇನ್ಫೋ ಬರೆದರಂತೂ ಇನ್ನೂ ಚೆನ್ನ.

ಪ್ರೋಬ್ ಡಿಫರ್ (ಬೇಕಾದ ಇನ್ನೊಂದು ಭಾಗ ಸಿದ್ಧವಾಗದೆ ಡ್ರೈವರ್ ತನ್ನ ಆರಂಭವನ್ನು ಮುಂದೂಡುವುದು) ವಿಷಯ ಮಾತ್ರ ಬೇರೆ. ಅದು ದೋಷವೇ ಅಲ್ಲ, ಕಾಯುವಿಕೆ. ಆರಂಭದ ಹಂತದ ದೋಷಗಳನ್ನು ಬರೆಯುವ ಡೆವ್_ಎರ್_ಪ್ರೋಬ್ ಅದನ್ನು ಡಿಬಗ್‌ಗೆ ಕಳಿಸುವುದು ಸರಿಯಾಗಿಯೇ ಇದೆ.