ಕ್ಯಾಮೆರಾಕ್ಕೂ ಪಾಳಿ

ಹುಬ್ಬಳ್ಳಿಯವರಿಗೆ ಕಾಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ವಾರಕ್ಕೊಮ್ಮೆ ನಳಾ ಬಂದರೆ "ಈ ಸಲ ಲಗೂನ ಬಂತಲ್ಲ" ಎಂದು ಬೆರಗಾಗುವ ಓಣಿಗಳು ನಮ್ಮಲ್ಲಿವೆ. ಕಾಯಲಿಕ್ಕೆಂದೇ 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಕಟ್ಟಿಸಿಕೊಂಡ ಊರು ಇದು. 2023ರಲ್ಲಿ ಅದು ಜಗತ್ತಿನಲ್ಲೇ ಉದ್ದದ್ದು ಅಂತ ಉದ್ಘಾಟನೆ ಆದಾಗ ನಮ್ಮ ಕಾಕಾ ಕೇಳಿದ್ದು ಒಂದೇ ಮಾತು: "ಅಷ್ಟುದ್ದಕ್ಕೂ ಕುಂದರಾಕ ಬೆಂಚ್ ಅದಾವೇನು?" ಇನ್ನು ಧಾರವಾಡದವರು. ಪೇಢೆಗಾಗಿ ಅವರು ನಿಂತ ಪಾಳಿ ನೋಡಿದವರಿಗೆ ಲೈನ್ ಬಜಾರಿಗೆ ಆ ಹೆಸರು ಯಾಕೆ ಬಂತು ಅಂತ ಬೇರೆ ಇತಿಹಾಸ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಕಾದರೂ ನಮಗೆ ಮೂರು ಕಾಸಿನ ಮರ್ಯಾದೆ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ನಾನು ಕ್ಯಾಮೆರಾಕ್ಕೆ ನಂಬರ್ ಹಚ್ಚಿದ ಮೇಲೆ.

2024ರ ಫೆಬ್ರುವರಿ 20ರಂದು ಟೋಕಿಯೊದಲ್ಲಿ ಫ್ಯೂಜಿಫಿಲ್ಮ್‌ನವರು ಎಕ್ಸ್100ವಿಐ ಅನ್ನುವ ಕ್ಯಾಮೆರಾ ತೋರಿಸಿದರು. 40.2 ಮೆಗಾಪಿಕ್ಸೆಲ್. 23 ಮಿಲಿಮೀಟರಿನ ಲೆನ್ಸು, ಬಿಚ್ಚಲು ಬರುವುದಿಲ್ಲ, ಝೂಮ್ ಇಲ್ಲ. ನೋಡಲಿಕ್ಕೆ ಅಜ್ಜನ ಕಾಲದ ಕ್ಯಾಮೆರಾದ ಹಾಗೆ. ನಮ್ಮ ದೇಶದಲ್ಲಿ ಇಟ್ಟ ಬೆಲೆ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೆ ಒಂದೇ ರೂಪಾಯಿ ಕಮ್ಮಿ. ಆ ಒಂದು ರೂಪಾಯಿ ಬಡವರ ಮೇಲಿನ ಕನಿಕರಕ್ಕೆ ಬಿಟ್ಟದ್ದಿರಬೇಕು. ಎಲ್ಲ ಕಡೆಯೂ ಬಂದಷ್ಟು ಬಂದಂತೆ ಖಾಲಿ. ಸಿಗುವುದಿಲ್ಲ ಅಂತ ಗೊತ್ತಾದ ಗಳಿಗೆಯಿಂದಲೇ ನನಗೆ ಅದು ಬೇಕು ಅನ್ನಿಸತೊಡಗಿತು. ಅದಕ್ಕೂ ಮುಂಚೆ ನಾನು ಮನೆಯ ಫ್ಯಾನಿನ ಧೂಳನ್ನೂ ನೆಟ್ಟಗೆ ಫೋಕಸ್ ಮಾಡಿ ನೋಡಿದವನಲ್ಲ.

ಅಂಗಡಿಗೆ ಹೋದೆ. ಹೆಸರು ಬೇಡ, ಪಾಪ, ಅವರೂ ನಮ್ಮಂಗ ಕಾಯುವವರೇ.

"ಇಲ್ರೀ ಸರ," ಅಂದ ಕೌಂಟರಿನ ಹುಡುಗ.

'ಇಲ್ಲ' ಅನ್ನುವ ಮಾತನ್ನು ನಾನು ಬಹಳ ಕೇಳಿದ್ದೇನೆ. ರೇಷನ್ ಅಂಗಡಿಯಾತ 'ಸಕ್ರಿ ಇಲ್ಲ' ಅನ್ನುವಾಗ ಮಾರಿ ಆ ಕಡೆ ತಿರುಗಿಸುತ್ತಿದ್ದ. ಈ ಹುಡುಗ ಹಾಗಲ್ಲ, ಮಗ ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆಗೆ ಮೊದಲು ಬಂದಷ್ಟು ಹಿಗ್ಗಿನಿಂದ ಇಲ್ಲ ಅಂದ.

"ತೋರ್ಸಾಕರ ಒಂದ್ ಐತೇನು?"

"ಫೋಟೋ ಐತ್ರಿ."

ತನ್ನ ಮೊಬೈಲ್ ತೆಗೆದು ತೋರಿಸಿದ. ಬೆಂಗಳೂರಿನಲ್ಲಿ ಯಾರದೋ ಕೈಯಲ್ಲಿದ್ದ ಆ ಕ್ಯಾಮೆರಾವನ್ನು ಇನ್ಯಾರೋ ಮೊಬೈಲಿನಲ್ಲಿ ಹೊಡೆದ ಫೋಟೋ. ಚಲೋ ಬಂದಿತ್ತು. ಹದಿನೈದು ಸಾವಿರದ ಮೊಬೈಲು, ಫೋಟೋ ಮಾತ್ರ ಕನ್ನಡಿಯ ಹಾಗೆ. ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು. ಬದಲಿಗೆ ಹತ್ತು ಸಾವಿರ ಮುಂಗಡ ಕೊಟ್ಟೆ. ಉದ್ದನೆಯ ವಹಿಯಲ್ಲಿ ನನ್ನ ಹೆಸರು ಬರೆದು ಪಾವತಿ ಹರಿದುಕೊಟ್ಟರು: ನಂಬರ್ ಹದಿನಾಲ್ಕು.

"ಬ್ಯಾಗು, ಟ್ರೈಪಾಡು, ಫಿಲ್ಟರ್ ಎಲ್ಲಾ ಕೂಡಿ ಕಿಟ್ ತಗೊಂಡ್ರ ನಿಮ್ಮ ನಂಬರ್ ಮ್ಯಾಲ ಹೋಗ್ತೈತ್ರಿ," ಅಂದ ಹುಡುಗ. ಹಿಂದೆ ಗ್ಯಾಸಿನ ಸಿಲಿಂಡರ್ ಬೇಕಾದರೆ ಒಲೆಯನ್ನೂ ಅವರ ಹತ್ತಿರವೇ ಕೊಳ್ಳಬೇಕಿತ್ತು, ನೆನಪಿದೆಯೇ? ಆಗ ನಾವು ಅದಕ್ಕೆ ದಬ್ಬಾಳಿಕೆ ಅನ್ನುತ್ತಿದ್ದೆವು. ಈಗ ಕಿಟ್ ಅನ್ನುತ್ತೇವೆ.

ಮನೆಗೆ ಬಂದು ಕಾಕಾನಿಗೆ ಪಾವತಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ಹೊರಳಿಸಿ ನೋಡಿದ. ಅವನ ಕಣ್ಣಾಗ ನೀರು ಬರುವುದೊಂದು ಬಾಕಿ. ಎಪ್ಪತ್ತರ ದಶಕದಲ್ಲಿ ಕಾಕಾ ಸ್ಕೂಟರಿಗೆ ನಂಬರ್ ಹಚ್ಚಿದ್ದ. ಹಚ್ಚಿದಾಗ ಅವನಿಗೆ ಮದುವೆ ಆಗಿರಲಿಲ್ಲ, ಸ್ಕೂಟರ್ ಬಂದಿದೆ ಅಂತ ಕಾಗದ ಬಂದಾಗ ದೊಡ್ಡ ಮಗಳು ಎರಡನೇತ್ತೆಯಲ್ಲಿದ್ದಳು. ಆ ಕಾಗದವನ್ನು ದುರ್ಗದಬೈಲಿನ ಒಬ್ಬ ವ್ಯಾಪಾರಿಗೆ ಮಾರಿ, ಬಂದ ಮೇಲಿನ ರೊಕ್ಕದಲ್ಲಿ ಕಾಕೂಗೆ ಬಂಗಾರದ ಬಳೆ ಮಾಡಿಸಿದ. ಸ್ಕೂಟರ್ ಏರದೆಯೇ ಸ್ಕೂಟರಿನಿಂದ ಉದ್ಧಾರವಾದ ಪೈಕಿ.

"ಯಾಕ್ ಸಿಗವಲ್ದಂತ? ಸರ್ಕಾರ ಲೈಸೆನ್ಸ್ ಕೊಡವಲ್ದೇನು?"

"ಸರ್ಕಾರದ ಸಂಬಂಧನ ಇಲ್ಲ ಕಾಕಾ."

"ಹಂಗಾರ ಯುದ್ಧ?"

"ಇಲ್ಲ."

"ಭೂಕಂಪ?"

ಅದೊಂದು ಹಿಂದೆ ನಿಜಕ್ಕೂ ಆಗಿತ್ತು. ಈ ಸಾಲಿನ ಮೊದಲ ಎಕ್ಸ್100 ಮಾರುಕಟ್ಟೆಗೆ ಬಂದ ಹೊತ್ತಿಗೇ, 2011ರ ಮಾರ್ಚಿನಲ್ಲಿ, ಜಪಾನಿನಲ್ಲಿ ಭೂಕಂಪವಾಗಿ ಸೆಂಡಾಯ್ ಕಡೆಯ ಕಾರ್ಖಾನೆ ನಿಂತುಹೋಗಿತ್ತು. ಅದನ್ನು ಹೇಳಿದೆ. ಕಾಕಾ ತಲೆದೂಗಿದ. "ಅದು ಕಾರಣ. ಈಗಿಂದೇನು?"

"ಈಗ ಮಂದಿ ವಿಡಿಯೋ ನೋಡಿ ಬೆನ್ನ ಹತ್ಯಾರ. ಇದರ ಹಿಂದಿಂದು 2020ರಾಗ ಬಂದಿತ್ತು. ಅದಂತೂ ಒಂದ್ ಟೈಮಿನ್ಯಾಗ ಹೊಸಾದಕ್ಕಿಂತ ಹಳೇದು ತುಟ್ಟಿ ಆಗಿತ್ತು."

ಕಾಕಾ ತೊಡೆ ತಟ್ಟಿದ. "ಲೇ ತಮ್ಮಾ, ಇದು ನಮ್ಮ ಸ್ಕೂಟರ್ ಕತಿನ ಅಲ್ಲೇನೋ!"

ಅದೇ ಕತೆ, ಒಂದೇ ವ್ಯತ್ಯಾಸ. ಕಾಕಾ ಕಾದಾಗ ಊರ ಮಂದಿ ಅವನನ್ನು ಕಂಡು ಅಯ್ಯೋ ಪಾಪ ಅಂದಿದ್ದರು, ಸರ್ಕಾರಕ್ಕೆ ಬೈದಿದ್ದರು. ನಾನು ಕಾಯುತ್ತಿರುವಾಗ ಮಂದಿ ನನ್ನ ಕೈ ಕುಲುಕುತ್ತಾರೆ. ಮದುವೆಯಲ್ಲಿ "ವೇಟಿಂಗ್‌ನ್ಯಾಗ ಐತ್ರಿ" ಅಂದರೆ ಸಾಕು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬೆವರುತ್ತ ದುಡಿಯುವ ಫೋಟೋಗ್ರಾಫರನನ್ನು ಬಿಟ್ಟು ನನ್ನ ಸುತ್ತ ನಿಲ್ಲುತ್ತಾರೆ. ಕಂಪನಿಯವರು ತಮಗೆ ತೊಂಬತ್ತು ವರ್ಷ ಆದದ್ದಕ್ಕೆ, ಶುರುವಾದ ಇಸವಿಯ ಲೆಕ್ಕಕ್ಕೆ ಸರಿಯಾಗಿ, 1,934 ಕ್ಯಾಮೆರಾ ಬೇರೆಯಾಗಿ ಮಾಡಿ ಒಂದೊಂದಕ್ಕೂ ನಂಬರ್ ಕೆತ್ತಿಸಿದರು. ರೇಷನ್ ಕಾರ್ಡಿಗೆ ನಂಬರ್ ಇದ್ದಾಗ ನಮಗೆ ಈ ಸೌಭಾಗ್ಯ ಹೊಳೆದಿರಲೇ ಇಲ್ಲ ನೋಡಿ.

ಉಣಕಲ್ ಕೆರೆ ಕಡೆ ಬೆಳಗ್ಗೆ ವಾಕಿಂಗ್ ಬರುವ ಒಬ್ಬರಿಗೆ ಅದು ಸಿಕ್ಕಿದೆ. ಅವರನ್ನು ಎಲ್ಲರೂ ಕೇಳುವುದು "ಎಲ್ಲಿ ಸಿಕ್ತು, ಎಷ್ಟ್ ಮ್ಯಾಲ ಕೊಟ್ರಿ?" ಅಂತ. "ಫೋಟೋ ತೋರ್ಸ್ರಿ" ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದರೂ ತೋರಿಸಲಿಕ್ಕೆ ಇಲ್ಲ. ಡಬ್ಬಿಯ ಸೀಲು ಒಡೆದರೆ ರೇಟು ಬೀಳುತ್ತದೆ ಅಂತ ಅವರು ಅದನ್ನು ಹಾಗೇ ಬೀರುವಿನಲ್ಲಿ ಇಟ್ಟಿದ್ದಾರೆ.

ಕೊಪ್ಪೀಕರ್ ರಸ್ತೆಯ ಒಳಗಲ್ಲಿಯಲ್ಲಿ ನಮಗೆ ಪರಿಚಯದ ಹಳೆಯ ಸ್ಟುಡಿಯೋ ಮಾಲಕರಿದ್ದಾರೆ. ಈ ಕ್ಯಾಮೆರಾದಲ್ಲಿ ಹಳೆಯ ಫಿಲ್ಮ್ ರೋಲುಗಳ ಬಣ್ಣ ಬರುವ ಹಾಗೆ ಇಪ್ಪತ್ತು ಬಗೆಯ ಸೌಲಭ್ಯ ಇದೆ, ಮಂದಿ ಸಾಯುವುದೇ ಅದಕ್ಕೆ ಅಂತ ಅವರಿಗೆ ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕಪಾಟಿನಿಂದ ಒಂದು ಮದುವೆ ಆಲ್ಬಮ್ ತೆಗೆದರು. ಹಾಳೆಗಳ ನಡುವಿನ ಬೆಣ್ಣೆಕಾಗದ ಹಳದಿಯಾಗಿತ್ತು, ಮದುಮಗನ ಕೆನ್ನೆ ತುಸು ಹಸಿರಾಗಿತ್ತು.

"ಇದ ಬಣ್ಣ ಅಲ್ಲೇನ್ರಿ?"

"ಹೂಂ, ಹೆಚ್ಚುಕಮ್ಮಿ ಇದ."

"ಈ ಬಣ್ಣ ಬಂದೈತಿ ಅಂತ ಇವರು ನನಗ ಐನೂರು ರೂಪಾಯಿ ಮುರಕೊಂಡು ಆಲ್ಬಮ್ ಇಲ್ಲೇ ಒಗದು ಹೋದ್ರು. ಅವರ ಮೊಮ್ಮಗ ಮೊನ್ನೆ ಬಂದು ಅದ ಕ್ಯಾಮೆರಾ ತರಿಸಿಕೊಡ್ರಿ ಅಂತ ಕೇಳ್ದ."

ಇನ್ನು ನನ್ನ ನಂಬರಿನ ಗತಿ. ಅಂಗಡಿಯವರ ನಿಯಮ ಖಡಕ್: ಮಾಲು ಬಂದರೆ ಫೋನ್ ಮಾಡುತ್ತಾರೆ, ಎತ್ತದಿದ್ದರೆ ಮುಂದಿನವರಿಗೆ. ಏಳು ತಿಂಗಳು ನಾನು ಬಚ್ಚಲಿಗೂ ಫೋನ್ ಒಯ್ದೆ. ಕೊನೆಗೊಂದು ದಿನ ಮುಂಜಾನೆ, ಒಂಬತ್ತು ದಿನದ ಮೇಲೆ ನಳಾ ಬಂತು. ಒಂದು ಕೈಯಲ್ಲಿ ಪೈಪು, ಇನ್ನೊಂದು ಕೈಯಲ್ಲಿ ಸಿಂಟೆಕ್ಸ್ ಮುಚ್ಚಳ, ಹೊರಗೆ ಕಾಕೂ "ಫೋರ್ಸ್ ಕಡಿಮಿ ಆತು, ಲಗೂ ಲಗೂ" ಅಂತ ಒದರುತ್ತಿದ್ದಾಳೆ. ಕಟ್ಟೆಯ ಮೇಲೆ ಫೋನು ಬಡಕೊಂಡಿತು. ಮತ್ತೊಮ್ಮೆ ಬಡಕೊಂಡಿತು. ಬ್ಯಾರಲ್ಲಿಗೆ ಇನ್ನೂ ಎರಡು ಗೇಣು ಬಾಕಿ ಇತ್ತು.

ತುಂಬಿಸಿ, ಕೈ ಒರೆಸಿಕೊಂಡು ತಿರುಗಿ ಫೋನ್ ಮಾಡಿದೆ.

"ಸರ, ಒಂದ ಪೀಸ್ ಬಂದಿತ್ತು. ಹದಿನೈದನೇದವರು ಬಂದು ಒಯ್ದ್ರು."

"ಮತ್ತ ನಂದು?"

"ನಿಮ್ದು ಕೆಳಗ ಹೋತ್ರಿ. ಈಗ ಮೂವತ್ತೊಂದು."

ಪಾವತಿ ತೆಗೆದು ಹರಿಯಲು ಹೋದೆ. ಕಾಕಾ ಗಬಕ್ಕನೆ ಬಂದು ಕೈ ಹಿಡಿದ.

"ಹರೀಬ್ಯಾಡೋ ಹುಚ್ಚಾ. ಟ್ರಂಕಿನ್ಯಾಗ ಇಡು. ರೇಟ್ ಬರ್ತೈತಿ."