2147483647ರ ಪರವಾಗಿ ಒಂದೆರಡು ಮಾತು

ದಾಖಲೆ ಮುರಿಯುವ ಅವಿಭಾಜ್ಯ ಸಂಖ್ಯೆ ಸಿಕ್ಕಾಗಲೆಲ್ಲ ಅದರ ಗಾತ್ರದ್ದೇ ಸುದ್ದಿ. 2024ರ ಅಕ್ಟೋಬರ್‌ನಲ್ಲಿ ಸಿಕ್ಕಿದ್ದರಲ್ಲಿ 4,10,24,320 ಅಂಕಿಗಳಿವೆ. ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ನನಗೆ ಅದರ ಜೊತೆ ಸಲಿಗೆ ಹುಟ್ಟಲ್ಲ. ನನ್ನ ಪ್ರೀತಿಯದು ಬರೀ ಹತ್ತಂಕಿಯದು: 2147483647. ಅಂದರೆ 214 ಕೋಟಿ ಚಿಲ್ಲರೆ.

ಪ್ರೋಗ್ರಾಂ ಬರೆಯುವವರಿಗೆಲ್ಲ ಇದು ಗೊತ್ತು. 32 ಬಿಟ್‌ಗಳಲ್ಲಿ (0 ಅಥವಾ 1 ಕೂರುವ 32 ಮನೆಗಳು ಅಂದುಕೊಳ್ಳಿ) ಒಂದನ್ನು ಪ್ಲಸ್ಸೋ ಮೈನಸ್ಸೋ ಹೇಳೋದಕ್ಕೆ ಬಿಟ್ಟು, ಉಳಿದ 31ರಲ್ಲೂ 1 ತುಂಬಿದರೆ ಬರೋದು ಇದೇ, ಅಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ. 2ರ 31ನೇ ಘಾತಕ್ಕೆ ಒಂದು ಕಮ್ಮಿ. ಆದರೆ ಕಂಪ್ಯೂಟರಿನ ಈ ಮಿತಿಯೇ ಅವಿಭಾಜ್ಯವೂ ಆಗಿರೋದು ಶುದ್ಧ ಕಾಕತಾಳೀಯ. 8 ಬಿಟ್‌ನ 127 ಕೂಡ ಅವಿಭಾಜ್ಯವೇ, ಆದರೆ 16 ಬಿಟ್‌ನ 32767 ಅಲ್ಲ, ಅದು 7 × 31 × 151. 64 ಬಿಟ್‌ನದೂ ಅಲ್ಲ.

ಇದು ಅವಿಭಾಜ್ಯ ಅಂತ 1772ರಲ್ಲೇ ತೋರಿಸಿದವನು ಗಣಿತಜ್ಞ ಆಯ್ಲರ್. ಆಗ ಅವನಿಗೆ ಕಣ್ಣು ಹೆಚ್ಚುಕಮ್ಮಿ ಹೋಗಿತ್ತು. ಸುಮ್ಮನೆ ಭಾಗಿಸುತ್ತಾ ಹೊರಟರೆ ವರ್ಗಮೂಲದವರೆಗೆ, ಅಂದರೆ 46340ರವರೆಗಿನ ಅವಿಭಾಜ್ಯಗಳನ್ನೆಲ್ಲ ಪರೀಕ್ಷಿಸಬೇಕು. ಅವು ನಾಲ್ಕೂವರೆ ಸಾವಿರಕ್ಕೂ ಹೆಚ್ಚು. ಆಯ್ಲರ್ ಕೆಲಸ ಶುರುಮಾಡೋ ಮೊದಲೇ ಬಹುಪಾಲನ್ನು ಜರಡಿ ಹಿಡಿದುಬಿಟ್ಟ. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನ ಅಂತ ಒಂದಿದ್ದರೆ, ಅದನ್ನು 62ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. 8ರಿಂದ ಭಾಗಿಸಿದರೆ 1 ಅಥವಾ 7. ಎರಡನ್ನೂ ಸೇರಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವಂಥವು ಮಾತ್ರ ಕಣದಲ್ಲಿ. 46340ರೊಳಗೆ ಅಂಥ ಸಂಖ್ಯೆಗಳು 400 ಕೂಡ ಇಲ್ಲ, ಅದರಲ್ಲೂ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು. ಒಂದೂ ಭಾಗಿಸಲಿಲ್ಲ. ಗಾತ್ರದ ದಾಖಲೆಗಿಂತ ಈ ಜರಡಿಯೇ ನನಗೆ ದೊಡ್ಡದು.

ಇದರಿಂದಲೇ ಒಂದು ಪರಿಪೂರ್ಣ ಸಂಖ್ಯೆಯೂ (ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಬರುವಂಥದ್ದು, 6 = 1 + 2 + 3 ಹಾಗೆ) ಹುಟ್ಟುತ್ತದೆ, 2ರ 30ನೇ ಘಾತದಿಂದ ಇದನ್ನು ಗುಣಿಸಿದರೆ ಆಯ್ತು. ಇನ್ನು ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಯಾರಿಗೂ ಸಿಗಲ್ಲ, ಉಪಯೋಗವಿಲ್ಲದ್ದನ್ನು ಯಾರು ತಾನೇ ಹುಡುಕುತ್ತಾರೆ ಅಂತ 1811ರಲ್ಲಿ ಇಂಗ್ಲಿಷ್ ಗಣಿತಜ್ಞ ಪೀಟರ್ ಬಾರ್ಲೋ ಬರೆದಿದ್ದ. ಪಾಪ.

ಉಪಯೋಗದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. 1ರಿಂದ ಶುರುಮಾಡಿ. 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳಿ. ಆ ಶೇಷಕ್ಕೆ ಮತ್ತೆ ಅದನ್ನೇ ಮಾಡಿ. 16807, 282475249, 1622650073... ನೋಡೋದಕ್ಕೆ ತಲೆಬುಡವಿಲ್ಲ. ಆದರೆ 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯೂ ಒಂದೇ ಒಂದು ಸಲ ಬಂದುಹೋದ ಮೇಲೆಯೇ 1 ಮತ್ತೆ ಬರೋದು. ಕಂಪ್ಯೂಟರುಗಳಲ್ಲಿ ಯಾದೃಚ್ಛಿಕ (ರ‍್ಯಾಂಡಮ್) ಸಂಖ್ಯೆ ಉದುರಿಸೋದಕ್ಕೆ ವರ್ಷಗಟ್ಟಲೆ ಇದನ್ನೇ ಬಳಸಿದ್ದಾರೆ. (ಪಾಸ್‌ವರ್ಡ್‌ಗೆ ಮಾತ್ರ ಬೇಡ, ಒಂದು ಗೊತ್ತಾದರೆ ಮುಂದಿನವೆಲ್ಲ ಗೊತ್ತಾದ ಹಾಗೆ.)

ಅವಿಭಾಜ್ಯವಾಗಿದ್ದರೆ ಏನು ಮಹಾ ಅನ್ನುವವರು ಇದೇ ಆಟವನ್ನು 32767 ಇಟ್ಟುಕೊಂಡು ಆಡಿ ನೋಡಿ. 16807 ಅಂದರೆ 7ರ 5ನೇ ಘಾತ. 32767 ಕೂಡ 7ರಿಂದ ಭಾಗವಾಗುತ್ತೆ. ಮೊದಲ ಹೆಜ್ಜೆಗೇ ಏಳರ ಮಗ್ಗಿಯೊಳಗೆ ಬೀಳುತ್ತೀರಿ, ಆಮೇಲೆ ಎಷ್ಟು ಗುಣಿಸಿದರೂ ಆಚೆ ಬರೋಕಾಗಲ್ಲ.